ನೀಲಿ ಬೆಳಕಿಗೂ ಕೆಲಸ ಮಾಡುವ ಟೈಟಾನಿಯಾ ಪದರ: ಕಾಲೇಜು ಲ್ಯಾಬಿನಲ್ಲೇ ಮಾಡಿ, ಪರೀಕ್ಷಿಸುವ ಬಗೆ

ಮೊಳಕಾಲ್ಮುರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕಿದ ಮೇಲೆ ಬಣ್ಣದ ನೀರು ಉಳಿಯುತ್ತದೆ. ಬಿಸಿಲಿಗಂತೂ ನಮ್ಮ ಕಡೆ ಕೊರತೆ ಇಲ್ಲ. ಇವೆರಡನ್ನೂ ನೋಡಿದ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಈ ಬಿಸಿಲಿನಿಂದಲೇ ಆ ಬಣ್ಣವನ್ನು ಒಡೆಯಬಹುದಲ್ವಾ? ಒಡೆಯಬಹುದು. ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡಿನ (ಇದನ್ನೇ ಟೈಟಾನಿಯಾ ಅನ್ನುವುದು) ತೆಳು ಪದರ ಕೂರಿಸಿ ನೀರಿನಲ್ಲಿಟ್ಟರೆ, ಬೆಳಕು ಬಿದ್ದಾಗ ಅದು ಬಣ್ಣದ ಅಣುಗಳನ್ನು ಒಡೆಯುತ್ತದೆ. ಆದರೆ ಅದಕ್ಕೆ ಬೇಕಾದದ್ದು ನೇರಳಾತೀತ ಬೆಳಕು. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು 4ರಿಂದ 5 ಮಾತ್ರ. ಕಣ್ಣಿಗೆ ಕಾಣುವ ಬೆಳಕು ನೂರಕ್ಕೆ 40ಕ್ಕಿಂತ ಜಾಸ್ತಿ ಇದ್ದರೂ ಟೈಟಾನಿಯಾ ಅದನ್ನು ಹೀರುವುದಿಲ್ಲ.

ಅದಕ್ಕೇ ಡೋಪಿಂಗ್. ಆಕ್ಸೈಡಿನ ಹರಳಿನೊಳಗೆ ಬೇರೆ ಧಾತುವನ್ನು (ಅದೇ ಡೋಪೆಂಟ್) ಅತಿ ಸ್ವಲ್ಪ ಸೇರಿಸಿ, ಕಾಣುವ ಬೆಳಕನ್ನೂ ಹೀರುವಂತೆ ಮಾಡುವುದು. ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್ಸಿನಲ್ಲಿರಲಿ, ಚಿತ್ರದುರ್ಗದ ಕಾಲೇಜಿನಲ್ಲಿರಲಿ, ಒಂದು ಮಫಲ್ ಫರ್ನೇಸ್ (ಕುಲುಮೆ), ವಸ್ತು ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಒಂದು ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಈ ಕೆಲಸ ಶುರು ಮಾಡಬಹುದು. ಮೊದಲೇ ಹೇಳಿಬಿಡುತ್ತೇನೆ: ಪದರಕ್ಕೆ ಬಣ್ಣ ಬರಿಸುವುದು ಸುಲಭ. ಕಾಣುವ ಬೆಳಕಿನಿಂದ ಆ ಪದರವೇ ಕೆಲಸ ಮಾಡಿತು ಎಂದು ತೋರಿಸುವುದು ಕಷ್ಟ. ಹಾಗಾಗಿ ಈ ಲೇಖನದಲ್ಲಿ ಪದರ ಮಾಡುವುದಕ್ಕೆ ಕೊಟ್ಟಷ್ಟೇ ಜಾಗ ಪರೀಕ್ಷೆಗೂ ಕೊಟ್ಟಿದ್ದೇನೆ.

ಮೊದಲು ಆಯ್ಕೆ: ಯಾವ ಆಕ್ಸೈಡ್, ಯಾವ ಡೋಪೆಂಟ್

ಒಂದು ಲೆಕ್ಕ ಬಾಯಿಪಾಠ ಇರಲಿ. ವಸ್ತುವಿನೊಳಗಿನ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಏರಿಸಲು ಬೇಕಾದ ಕನಿಷ್ಠ ಶಕ್ತಿಯೇ ಬ್ಯಾಂಡ್ ಗ್ಯಾಪ್, ಅದನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಹೇಳುತ್ತಾರೆ. 1240 ಅನ್ನು ಬ್ಯಾಂಡ್ ಗ್ಯಾಪ್‌ನಿಂದ ಭಾಗಿಸಿ. ಆ ವಸ್ತು ಎಷ್ಟು ನ್ಯಾನೊಮೀಟರ್‌ವರೆಗಿನ ಬೆಳಕನ್ನು ಹೀರಬಲ್ಲದು ಎಂದು ಗೊತ್ತಾಗುತ್ತದೆ. ಟೈಟಾನಿಯಾಕ್ಕೆ ಅನಾಟೇಸ್, ರೂಟೈಲ್ ಎಂಬ ಹರಳಿನ ರೂಪಗಳಿವೆ. ಅನಾಟೇಸ್ ಟೈಟಾನಿಯಾದ ಗ್ಯಾಪ್ 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ 387 ನ್ಯಾನೊಮೀಟರ್. ರೂಟೈಲ್ 3.0, ಅಂದರೆ 413. ಅಂಗಡಿಯಲ್ಲಿ ಸಿಗುವ ನೀಲಿ ಎಲ್‌ಇಡಿಯ ಬೆಳಕು 450ರ ಆಸುಪಾಸು. ಅದನ್ನು ಹೀರಬೇಕಾದರೆ ಸುಮಾರು 2.75 ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಯಬೇಕು.

ಗ್ಯಾಪ್ ಚಿಕ್ಕದಿರುವ ಆಕ್ಸೈಡನ್ನೇ ತೆಗೆದುಕೊಂಡರೆ ಮುಗೀತಲ್ಲ ಅನ್ನಿಸಬಹುದು. ಹೆಮಟೈಟ್, ಅಂದರೆ ಕೆಂಪು ಕಬ್ಬಿಣದ ಆಕ್ಸೈಡಿನ ಗ್ಯಾಪ್ ಬರೀ 2.1. ಆದರೆ ಅದರೊಳಗೆ ಹುಟ್ಟಿದ ಹೋಲ್‌ಗಳು (ಎಲೆಕ್ಟ್ರಾನ್ ಎದ್ದುಹೋದ ಖಾಲಿ ಜಾಗಗಳು) ಕೆಲವೇ ನ್ಯಾನೊಮೀಟರ್ ದೂರ ಹೋಗುವಷ್ಟರಲ್ಲಿ ಎಲೆಕ್ಟ್ರಾನ್ ಜೊತೆ ಸೇರಿ ಸತ್ತುಹೋಗುತ್ತವೆ. ಟಂಗ್‌ಸ್ಟನ್ ಆಕ್ಸೈಡ್ 2.7ರ ಹತ್ತಿರ ಇದೆ. ಅದರ ಎಲೆಕ್ಟ್ರಾನ್‌ಗಳಿಗೆ ಆಮ್ಲಜನಕವನ್ನು ಸುಲಭವಾಗಿ ಅಪಕರ್ಷಿಸುವ ಶಕ್ತಿ ಇಲ್ಲ, ಹಾಗಾಗಿ ಪ್ಲಾಟಿನಂ ಅಥವಾ ತಾಮ್ರದ ಸಹಾಯ ಬೇಕು. ಸತುವಿನ ಆಕ್ಸೈಡ್ ಅಗ್ಗ, ಮಾಡುವುದೂ ಸುಲಭ. ಆದರೆ ಹುಳಿ ನೀರಿನಲ್ಲಿ ಕರಗುತ್ತದೆ, ಬೆಳಕಿನಲ್ಲಿ ತಾನೇ ಸವೆಯುತ್ತದೆ. ಬಿಸ್ಮತ್ ವನಡೇಟ್ 2.4. ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂ ಡೋಪ್ ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎರಡನೇ ಪ್ರಾಜೆಕ್ಟಿಗೆ ಇಟ್ಟುಕೊಳ್ಳಿ. ಮೊದಲ ಸಲಕ್ಕೆ ಟೈಟಾನಿಯಾನೇ ಸರಿ. ಗಟ್ಟಿ, ವಿಷವಲ್ಲ, ಅದರ ಬಗ್ಗೆ ಗೊತ್ತಿರುವುದೂ ಬೇಕಾದಷ್ಟಿದೆ. 1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೋಂಡಾ ಬೆಳಕಿನಿಂದ ನೀರನ್ನು ಒಡೆದದ್ದು ಟೈಟಾನಿಯಾ ಎಲೆಕ್ಟ್ರೋಡಿನಲ್ಲೇ.

ಡೋಪೆಂಟ್‌ಗಳಲ್ಲಿ ಎರಡು ದಾರಿ. ಲೋಹದ ಅಯಾನು ಟೈಟಾನಿಯಂನ ಜಾಗದಲ್ಲಿ ಕೂರುತ್ತದೆ. ಸಾರಜನಕದಂಥ ಅಲೋಹ ಆಮ್ಲಜನಕದ ಜಾಗದಲ್ಲೋ, ಸಂದಿಯಲ್ಲೋ ಸೇರುತ್ತದೆ. ಸಾರಜನಕದ ದಾರಿ ದೊಡ್ಡದಾಗಿ ತೆರೆದದ್ದು 2001ರಲ್ಲಿ, ಜಪಾನಿನ ವಿಜ್ಞಾನಿ ಆಸಾಹಿ ಮತ್ತು ಜೊತೆಗಾರರ ಕೆಲಸದಿಂದ. ಅದಕ್ಕೂ ಮುಂಚೆ, 1994ರಲ್ಲಿ, ಚೋಯ್, ಟರ್ಮಿನ್ ಮತ್ತು ಹಾಫ್‌ಮನ್ 21 ಲೋಹ ಅಯಾನುಗಳನ್ನು ಒಂದೊಂದಾಗಿ ಟೈಟಾನಿಯಾಕ್ಕೆ ಸೇರಿಸಿ ನೋಡಿದ್ದರು. ಕಬ್ಬಿಣ ಮುಂದೆ ಬಂತು. ಕೋಬಾಲ್ಟ್, ಅಲ್ಯೂಮಿನಿಯಂ ಕೆಲಸವನ್ನು ಕೆಡಿಸಿದವು. ಅವರದು ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳು, ಗಾಜಿನ ಮೇಲಿನ ಪದರ ಅಲ್ಲ. ಅದೇ ಅಂಕಿ ನಿಮಗೂ ಬರಬೇಕೆಂದು ಕಾಯಬೇಡಿ.

ನನ್ನ ಸಲಹೆ ಕಬ್ಬಿಣ. ಕಬ್ಬಿಣದ ಮೂರು ಧನ ಅಯಾನಿನ ತ್ರಿಜ್ಯ 0.645 ಆಂಗ್‌ಸ್ಟ್ರಾಂ, ಟೈಟಾನಿಯಂನದು 0.605. ಅಳತೆ ಹತ್ತಿರವಾದ್ದರಿಂದ ಜಾಗ ಸಿಗುತ್ತದೆ. ಫೆರಿಕ್ ನೈಟ್ರೇಟ್ ಯಾವ ಕೆಮಿಸ್ಟ್ರಿ ಲ್ಯಾಬಿನಲ್ಲಾದರೂ ಇರುತ್ತದೆ. ಸಾರಜನಕಕ್ಕೆ ಸೋಲ್‌ನಲ್ಲಿ (ಪದರ ಕೂರಿಸಲು ಗಾಜನ್ನು ಅದ್ದುವ ದ್ರವದಲ್ಲಿ) ಯೂರಿಯಾ ಕರಗಿಸುವವರಿದ್ದಾರೆ. ಆದರೆ ಕುಲುಮೆಯಲ್ಲಿ ಅದರ ಬಹುಪಾಲು ಆವಿಯಾಗಿ ಹೋಗುತ್ತದೆ. ಕೊನೆಗೆ ಎಷ್ಟು ಉಳಿಯಿತು ಎಂದು ಎಕ್ಸ್‌ಪಿಎಸ್ (ಎಕ್ಸ್‌ರೇ ಬಳಸಿ ಮೇಲ್ಮೈಯ ಧಾತುಗಳನ್ನು ಅಳೆಯುವ ಯಂತ್ರ) ಇಲ್ಲದೆ ಹೇಳಲಾಗದು.

ಡೋಪೆಂಟ್ ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಸ್ವಲ್ಪ ಸಾಕು, ಜಾಸ್ತಿಯಾದರೆ ಹುಳಿ. ಕಬ್ಬಿಣದ ಅಯಾನುಗಳು ದೂರ ದೂರ ಇದ್ದಾಗ ಎಲೆಕ್ಟ್ರಾನನ್ನೋ ಹೋಲನ್ನೋ ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡುತ್ತವೆ. ಹತ್ತಿರ ಹತ್ತಿರ ಬಂದಾಗ ಎರಡನ್ನೂ ಹಿಡಿದು ಅಲ್ಲೇ ಸೇರಿಸಿಬಿಡುತ್ತವೆ. ಆಗ ಪದರ ಬೆಳಕು ಹೀರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಅದಕ್ಕೇ ಒಂದೇ ಪ್ರಮಾಣ ಮಾಡಿ ನಿಲ್ಲಿಸಬೇಡಿ. 0, 0.1, 0.25, 0.5, 1 ಮತ್ತು 2 ಶೇಕಡ, ಹೀಗೆ ಸಾಲಾಗಿ ಮಾಡಿ. ಇಲ್ಲಿ ಶೇಕಡ ಅಂದರೆ ತೂಕದ ಲೆಕ್ಕವಲ್ಲ, ನೂರು ಟೈಟಾನಿಯಂ ಪರಮಾಣುಗಳಿಗೆ ಎಷ್ಟು ಕಬ್ಬಿಣದ ಪರಮಾಣು ಎಂಬ ಲೆಕ್ಕ.

ಗಾಜು

ಮಾಮೂಲಿ ಮೈಕ್ರೋಸ್ಕೋಪ್ ಸ್ಲೈಡಿನ ಗಾಜಿನಲ್ಲಿ ಸೋಡಿಯಂ ಇರುತ್ತದೆ. 450 ಡಿಗ್ರಿಯಲ್ಲಿ ಅದು ಮೇಲಕ್ಕೆ ಹರಿದು ಪದರದೊಳಗೆ ಸೇರುತ್ತದೆ, ಅನಾಟೇಸ್ ಹರಳು ಬೆಳೆಯಲು ಅಡ್ಡಿ ಮಾಡುತ್ತದೆ. ಡೋಪಿಂಗ್‌ನಿಂದ ಆದ ಕೆಡುಕೋ ಸೋಡಿಯಂನಿಂದ ಆದದ್ದೋ ಎಂದು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಬೋರೋಸಿಲಿಕೇಟ್ ಗಾಜಿನ ತುಂಡು ಸಿಕ್ಕರೆ ಅದನ್ನೇ ಬಳಸಿ. ಕ್ವಾರ್ಟ್ಜ್ ಇನ್ನೂ ಒಳ್ಳೆಯದು, ದುಬಾರಿ. ಸ್ಲೈಡೇ ಗತಿ ಅಂದರೆ ಕೆಳಗೆ ಸಿಲಿಕಾದ ಒಂದು ಪದರ ಹಾಕಿಕೊಳ್ಳಿ.

ಸೋಪು, ನೀರು, ಡಿಸ್ಟಿಲ್ಡ್ ನೀರು, ಅಸಿಟೋನ್, ಎಥೆನಾಲ್ ಈ ಕ್ರಮದಲ್ಲಿ ತೊಳೆದು 100 ಡಿಗ್ರಿಯಲ್ಲಿ ಒಣಗಿಸಿ. ಕೊನೆಯ ತೊಳೆತ ಬೋರ್‌ವೆಲ್ ನೀರಿನಲ್ಲಿ ಬೇಡ. ಒಣಗಿದ ಮೇಲೆ ಅದರ ಉಪ್ಪು ಬಿಳಿ ಕಲೆಯಾಗಿ ಕೂರುತ್ತದೆ. ಶುದ್ಧ ಗಾಜಿನ ಮೇಲೆ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಬೇಕು. ಒಣಗಿದ ತುಂಡುಗಳನ್ನು ನಾಲ್ಕು ದಶಮಾಂಶದ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮುಂದೆ ಬೇಕಾಗುತ್ತದೆ.

ಸೋಲ್ ತಯಾರಿ

ಎಚ್ಚರಿಕೆ ಮೊದಲು. ಟೈಟಾನಿಯಂ ಐಸೊಪ್ರೊಪಾಕ್ಸೈಡ್‌ಗೂ ಎಥೆನಾಲ್‌ಗೂ ಬೆಂಕಿ ಬೇಗ ಹತ್ತುತ್ತದೆ. ಎಥೆನಾಲ್ ಮತ್ತು ಗಾಢ ನೈಟ್ರಿಕ್ ಆಸಿಡ್ ಒಂದೇ ಬಾಟಲಿಯಲ್ಲಿ ಸೇರಿದರೆ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಸಿಡಿಯಬಹುದು. ಇಲ್ಲಿ ಬಳಸುವುದು ದುರ್ಬಲ (ನೀರು ಬೆರೆತ, ಡೈಲ್ಯೂಟ್) ಆಸಿಡ್, ಅದೂ ಎರಡೇ ಹನಿ. ಇದನ್ನು ಬದಲಿಸಬೇಡಿ. ಫ್ಯೂಮ್ ಹುಡ್‌ನಲ್ಲಿ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡೇ ಮಾಡಿ.

ಕಬ್ಬಿಣದ ಸ್ಟಾಕ್ ಮೊದಲು ಮಾಡಿಟ್ಟುಕೊಳ್ಳಿ. ಶೇಕಡ 0.1ಕ್ಕೆ ಬೇಕಾದ ಫೆರಿಕ್ ನೈಟ್ರೇಟ್ ಬರೀ 4 ಮಿಲಿಗ್ರಾಂ. ಅದನ್ನು ನೇರವಾಗಿ ತೂಗಲು ಹೋದರೆ ತಪ್ಪಾಗುತ್ತದೆ. ಬದಲಿಗೆ ಒಂಬತ್ತು ನೀರಿನ ಫೆರಿಕ್ ನೈಟ್ರೇಟ್ 0.404 ಗ್ರಾಂ ತೂಗಿ, ಎಥೆನಾಲ್‌ನಲ್ಲಿ ಕರಗಿಸಿ ಒಟ್ಟು 20 ಮಿಲಿಲೀಟರ್ ಮಾಡಿ. ಇದರ 1 ಮಿಲಿಲೀಟರ್‌ನಲ್ಲಿ 0.05 ಮಿಲಿಮೋಲ್ ಕಬ್ಬಿಣ ಇರುತ್ತದೆ. ನಾವು ತೆಗೆದುಕೊಳ್ಳುವ ಟೈಟಾನಿಯಂ 10 ಮಿಲಿಮೋಲ್. ಅಂದರೆ 1 ಮಿಲಿಲೀಟರ್ ಸ್ಟಾಕ್ ಹಾಕಿದರೆ ಶೇಕಡ 0.5. 0.2 ಹಾಕಿದರೆ 0.1, 4 ಹಾಕಿದರೆ 2. ಲೆಕ್ಕ ಸರಳ. ಸ್ಟಾಕನ್ನು ಅಂದಂದೇ ಮಾಡಿ, ಇಟ್ಟು ಬಳಸಬೇಡಿ.

ಒಣಗಿದ ಬೀಕರಿನಲ್ಲಿ 40 ಮಿಲಿಲೀಟರ್ ನೀರಿಲ್ಲದ ಎಥೆನಾಲ್, 1 ಮಿಲಿಲೀಟರ್ ಅಸಿಟೈಲ್ ಅಸಿಟೋನ್ ಹಾಕಿ. ಒಣ ಸಿರಿಂಜಿನಿಂದ 3 ಮಿಲಿಲೀಟರ್ ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಸೇರಿಸಿ, ಅರ್ಧ ಗಂಟೆ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಬಿಡಿ. ದ್ರವ ತಿಳಿಯಾಗಿ, ಹಳದಿಯಾಗುತ್ತದೆ. ಈ ಹಳದಿ ಅಸಿಟೈಲ್ ಅಸಿಟೋನ್ ಟೈಟಾನಿಯಂ ಜೊತೆ ಕೂಡಿದ್ದರಿಂದ ಬಂದದ್ದು, ಡೋಪಿಂಗ್‌ನದಲ್ಲ. ಅದರ ಕೆಲಸ ಐಸೊಪ್ರೊಪಾಕ್ಸೈಡ್ ನೀರು ಕಂಡ ತಕ್ಷಣ ಒಡೆದು ಬಿಳಿ ಪುಡಿಯಾಗದಂತೆ ತಡೆಯುವುದು.

ಇನ್ನೊಂದು ಬೀಕರಿನಲ್ಲಿ ಕಬ್ಬಿಣದ ಸ್ಟಾಕ್ ಮತ್ತು ಎಥೆನಾಲ್ ಸೇರಿ 10 ಮಿಲಿಲೀಟರ್ ಆಗಲಿ. ಸ್ಟಾಕ್ ಜಾಸ್ತಿ ಹಾಕಿದಷ್ಟು ಎಥೆನಾಲ್ ಕಡಿಮೆ. ಒಟ್ಟು ಮೊತ್ತ ಎಲ್ಲ ಸೋಲ್‌ಗಳಿಗೂ ಒಂದೇ ಇರದಿದ್ದರೆ ಪದರದ ದಪ್ಪ ಬದಲಾಗುತ್ತದೆ. ಇದಕ್ಕೆ 0.36 ಮಿಲಿಲೀಟರ್ ಡಿಸ್ಟಿಲ್ಡ್ ನೀರು, ಎರಡು ಹನಿ ದುರ್ಬಲ ನೈಟ್ರಿಕ್ ಆಸಿಡ್ ಹಾಕಿ, ಮೊದಲ ಬೀಕರಿಗೆ ಹನಿ ಹನಿಯಾಗಿ ಬಿಡಿ. ಎರಡು ಗಂಟೆ ತಿರುಗಿಸಿ, ಪ್ಯಾರಾಫಿಲ್ಮ್‌ನಿಂದ ಮುಚ್ಚಿ ರಾತ್ರಿ ಇಡಿ. ಬೆಳಿಗ್ಗೆ ಮೋಡದಂತೆ ಬಿಳಿಚಿಕೊಂಡಿದ್ದರೆ ಆ ಸೋಲ್ ಬೇಡ. ಅದನ್ನು ಸೋಸಿ ಬಳಸುವ ಆಸೆಯೂ ಬೇಡ. ಟೈಟಾನಿಯಂನ ಸ್ವಲ್ಪ ಪಾಲು ಸೋಸಿಹೋದರೆ ಶೇಕಡದ ಲೆಕ್ಕವೇ ತಪ್ಪುತ್ತದೆ.

ಅದ್ದುವುದು, ಒಣಗಿಸುವುದು, ಸುಡುವುದು

ಗಾಜನ್ನು ಸೋಲ್‌ನಲ್ಲಿ ಅದ್ದಿ ಸೆಕೆಂಡಿಗೆ 1ರಿಂದ 2 ಮಿಲಿಮೀಟರ್ ವೇಗದಲ್ಲಿ ಮೇಲೆತ್ತಬೇಕು. ಬೇಗ ಎತ್ತಿದರೆ ಪದರ ದಪ್ಪ, ನಿಧಾನವಾದರೆ ತೆಳು. ಡಿಪ್ ಕೋಟರ್ ಯಂತ್ರ ಇಲ್ಲದಿದ್ದರೆ 12 ವೋಲ್ಟಿನ ಗೇರ್ ಮೋಟರ್‌ಗೆ ಒಂದು ಸಣ್ಣ ಉರುಳೆ ಕಟ್ಟಿ, ದಾರದಲ್ಲಿ ಗಾಜನ್ನು ನೇತುಹಾಕಿ. ಮೋಟರ್ ಬೇರೆ ಸ್ಟ್ಯಾಂಡಿನಲ್ಲಿರಲಿ. ಅದರ ನಡುಕ ಸೋಲ್‌ಗೆ ತಟ್ಟಿದರೆ ಪದರದಲ್ಲಿ ಅಡ್ಡ ಗೆರೆ ಬೀಳುತ್ತದೆ. ಕೈಯಲ್ಲಿ ಎತ್ತಿ ಮಾಡಿದ ಪದರಗಳನ್ನು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ.

ಗಾಳಿಯ ತೇವ ಇಲ್ಲಿ ನಿಜವಾದ ಶತ್ರು. ಎಥೆನಾಲ್ ಆರುವಾಗ ಗಾಜು ತಣ್ಣಗಾಗಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಪದರ ಮಂಜಾಗುತ್ತದೆ. ತೇವಾಂಶ ಶೇಕಡ 50ಕ್ಕಿಂತ ಕಡಿಮೆ ಇದ್ದಾಗ ಅದ್ದಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆ ಹಗಲಿನ ಒಣಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮಳೆಗಾಲವಾದರೆ ಮುಚ್ಚಿದ ಪೆಟ್ಟಿಗೆಯೊಳಗೆ ಒಣ ಸಿಲಿಕಾ ಜೆಲ್ ಇಟ್ಟು ಅದರಲ್ಲೇ ಅದ್ದಿ.

ಪ್ರತಿ ಸಲ ಅದ್ದಿದ ಮೇಲೆ ಹತ್ತು ನಿಮಿಷ ಗಾಳಿಯಲ್ಲಿ, ಹತ್ತು ನಿಮಿಷ 100 ಡಿಗ್ರಿಯಲ್ಲಿ, ಆಮೇಲೆ ಹತ್ತು ನಿಮಿಷ 300 ಡಿಗ್ರಿಯಲ್ಲಿ. ಎಥೆನಾಲ್ ಪೂರ್ತಿ ಆರದೆ ಕುಲುಮೆಗೆ ಇಡಬೇಡಿ. ಒಂದು ಅದ್ದಿಗೆ ಕೆಲವು ಹತ್ತು ನ್ಯಾನೊಮೀಟರ್ ದಪ್ಪ ಬರುತ್ತದೆ. ಐದು ಸಲ ಅದ್ದಿ. ಒಂದೇ ಸಲಕ್ಕೆ ದಪ್ಪ ಮಾಡಲು ಹೋದರೆ ಒಣಗಿದ ಕೆರೆಯಂಗಳದ ಥರ ಬಿರುಕು ಬಿಡುತ್ತದೆ. ಕೊನೆಗೆ ನಿಮಿಷಕ್ಕೆ 3 ಡಿಗ್ರಿಯಂತೆ ಏರಿಸಿ 450 ಡಿಗ್ರಿಯಲ್ಲಿ ಒಂದು ಗಂಟೆ ಸುಡಿ. ಕುಲುಮೆ ಆರಿ ತಣ್ಣಗಾಗುವವರೆಗೆ ಬಾಗಿಲು ತೆಗೆಯಬೇಡಿ. ಮಧ್ಯೆ ಕರೆಂಟ್ ಹೋದರೆ ಆ ಗುಂಪಿನ ಎಲ್ಲ ಗಾಜುಗಳನ್ನೂ ಬದಿಗಿಟ್ಟು ಹೊಸದಾಗಿ ಮಾಡುವುದೇ ಲೇಸು. ಡೋಪ್ ಮಾಡಿದವೂ ಮಾಡದವೂ ಒಂದೇ ಸಲ, ಒಂದೇ ಕುಲುಮೆಯಲ್ಲಿ ಸುಡಬೇಕು.

ಈಗ ಮತ್ತೆ ತೂಗಿ. 25 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಭಾಗಕ್ಕೆ ಎರಡೂ ಬದಿ 200 ನ್ಯಾನೊಮೀಟರ್ ಪದರ ಕೂತಿದ್ದರೆ ತೂಕ ಸುಮಾರು 2 ಮಿಲಿಗ್ರಾಂ ಏರಿರಬೇಕು. ಅಷ್ಟೇ! ಇಷ್ಟು ಸಣ್ಣ ವಸ್ತುವಿನಿಂದ ಒಂದು ಲೀಟರ್ ನೀರು ಅರ್ಧ ಗಂಟೆಯಲ್ಲಿ ತಿಳಿಯಾಗುತ್ತದೆ ಎಂದು ನಿರೀಕ್ಷಿಸಬಾರದು. ಪರೀಕ್ಷೆಗೆ 30 ಮಿಲಿಲೀಟರ್ ನೀರು, ಕೆಲವು ಗಂಟೆ ಸಮಯ ಇಟ್ಟುಕೊಳ್ಳಿ.

ಪದರ ಏನಾಗಿದೆ ಎಂದು ನೋಡುವುದು

ಹರಳಿನ ರೂಪವನ್ನು ಎಕ್ಸ್‌ರೇಯಿಂದ ಗುರುತಿಸುವ ಎಕ್ಸ್‌ಆರ್‌ಡಿಯಲ್ಲಿ 25.3 ಡಿಗ್ರಿಯ ಶಿಖರ ಅನಾಟೇಸ್, 27.4 ಡಿಗ್ರಿಯದು ರೂಟೈಲ್. ಇದು ತಾಮ್ರದ ಎಕ್ಸ್‌ರೇ ಬಳಸುವ ಯಂತ್ರದ ಲೆಕ್ಕ. ಪದರ ತೆಳುವಾದ್ದರಿಂದ ಓರೆ ಕೋನದಲ್ಲಿ ಅಳೆಯಲು ಕೇಳಿಕೊಳ್ಳಿ. ಇಲ್ಲದಿದ್ದರೆ ಗಾಜಿನ ದಿಬ್ಬವೇ ಕಾಣುತ್ತದೆ. ಕಬ್ಬಿಣದ ಆಕ್ಸೈಡಿನ ಶಿಖರ ಕಾಣಲಿಲ್ಲ ಅಂದ ಮಾತ್ರಕ್ಕೆ ಕಬ್ಬಿಣವೆಲ್ಲ ಹರಳಿನೊಳಗೆ ಹೋಗಿದೆ ಎಂದು ಬರೆಯಬೇಡಿ. ಶೇಕಡ 1ರಷ್ಟು ಕಬ್ಬಿಣ ಬೇರೆಯಾಗಿ ಕೂತಿದ್ದರೂ ಎಕ್ಸ್‌ಆರ್‌ಡಿಗೆ ಕಾಣದೇ ಇರಬಹುದು.

ಬೆಳಕು ಹೀರುವ ಅಂಚನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡಿ, ಅದರಿಂದ ಗ್ಯಾಪ್ ತಿಳಿಯಲು ಟೌಕ್ ಗ್ರಾಫ್ ಎಳೆಯುತ್ತೀರಿ. ಅದರಲ್ಲಿ ಹೀರುವಿಕೆಯನ್ನು ಬೆಳಕಿನ ಶಕ್ತಿಯಿಂದ ಗುಣಿಸಿ, ಆ ಗುಣಲಬ್ಧದ ವರ್ಗಮೂಲವನ್ನೋ ವರ್ಗವನ್ನೋ ಶಕ್ತಿಯ ಎದುರು ಹಾಕುತ್ತಾರೆ. ಅನಾಟೇಸ್‌ಗೆ ಪರೋಕ್ಷ ಗ್ಯಾಪ್, ಹಾಗಾಗಿ ವರ್ಗಮೂಲ. ಸತುವಿನ ಆಕ್ಸೈಡಿಗಾದರೆ ವರ್ಗ. ಇಲ್ಲಿ ಬಹಳ ಜನ ಜಾರುವ ಜಾಗ ಒಂದಿದೆ. ಡೋಪ್ ಮಾಡಿದ ಪದರದ ಗ್ರಾಫಿನಲ್ಲಿ ಮುಖ್ಯ ಅಂಚು ಇದ್ದಲ್ಲೇ ಇದ್ದು, 400ರಿಂದ 500 ನ್ಯಾನೊಮೀಟರ್ ಕಡೆಗೆ ಒಂದು ಬಾಲ ಬೆಳೆದಿರುತ್ತದೆ. ಆ ಬಾಲಕ್ಕೆ ಗೆರೆ ಎಳೆದು ಗ್ಯಾಪ್ 2.6ಕ್ಕೆ ಇಳಿಯಿತು ಅನ್ನುವುದು ತಪ್ಪು. ಗ್ಯಾಪ್‌ನ ನಡುವೆ ಹೊಸ ಮಟ್ಟಗಳು ಬಂದಿವೆ ಅನ್ನುವುದು ಸರಿ. ಇನ್ನೊಂದು ಮಾತು: ಪದರ ಹಳದಿಯಾಗಿದ್ದರೆ ಅದು ಸರಿಯಾಗಿ ಸುಡದೆ ಉಳಿದ ಇಂಗಾಲದಿಂದಲೂ ಆಗಿರಬಹುದು. ಡೋಪ್ ಮಾಡದ ಗಾಜೂ ಹಳದಿಯಾಗಿದೆಯಾ ನೋಡಿ. ಆಗಿದ್ದರೆ ಸುಡುವ ಹೊತ್ತು ಹೆಚ್ಚಿಸಬೇಕು.

ಪರೀಕ್ಷೆ: ಇಲ್ಲಿ ಅವಸರ ಬೇಡ

ಎಲ್ಲರೂ ಬಳಸುವ ಬಣ್ಣ ಮೆಥಿಲೀನ್ ಬ್ಲೂ. ಅದರ ಶಿಖರ 664 ನ್ಯಾನೊಮೀಟರ್. ಅಂದರೆ ಆ ಬಣ್ಣವೇ ಕೆಂಪು ಬೆಳಕನ್ನು ಜೋರಾಗಿ ಹೀರುತ್ತದೆ. ಬಿಳಿ ಬೆಳಕು ಬಿದ್ದಾಗ ಬಣ್ಣ ತಾನೇ ಎಲೆಕ್ಟ್ರಾನನ್ನು ಟೈಟಾನಿಯಾಕ್ಕೆ ಕೊಟ್ಟು, ತಾನೇ ಒಡೆದುಹೋಗುತ್ತದೆ. ಆಗ ನೀರು ತಿಳಿಯಾಗುತ್ತದೆ, ಆದರೆ ನಿಮ್ಮ ಕಬ್ಬಿಣಕ್ಕೆ ಅದರಲ್ಲಿ ಪಾಲೇ ಇಲ್ಲ. ಕಾಣುವ ಬೆಳಕಿನ ಡೋಪಿಂಗ್ ಬಗ್ಗೆ ಬರುವ ಎಷ್ಟೋ ಫಲಿತಾಂಶಗಳು ಈ ಒಂದು ಕಾರಣಕ್ಕೇ ನಂಬಲು ಆಗದಂತೆ ಆಗುತ್ತವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಪರಿಹಾರ ಕೈಗೆ ಸಿಗುವಂಥದ್ದೇ. 450 ನ್ಯಾನೊಮೀಟರ್ ಸುತ್ತಲಿನ ನೀಲಿ ಎಲ್‌ಇಡಿ ಬಳಸಿ. ಅಲ್ಲಿ ಮೆಥಿಲೀನ್ ಬ್ಲೂ ಬಹಳ ಕಡಿಮೆ ಹೀರುತ್ತದೆ, ನೇರಳಾತೀತವೂ ಇರುವುದಿಲ್ಲ. ಬಿಸಿಲಲ್ಲೇ ಮಾಡುವ ಆಸೆ ಇದ್ದರೆ ಆಮೇಲೆ ಮಾಡಿ. ಬಿಸಿಲಿನಲ್ಲಿ ನೇರಳಾತೀತದ ಪಾಲು ಇರುವುದರಿಂದ ಡೋಪ್ ಮಾಡದ ಪದರವೂ ಕೆಲಸ ಮಾಡುತ್ತದೆ. ಡೋಪಿಂಗ್‌ನಿಂದ ಆದ ಲಾಭ ಎಷ್ಟು ಎಂದು ಅದರಿಂದ ನೇರವಾಗಿ ತಿಳಿಯುವುದಿಲ್ಲ.

10 ಮೈಕ್ರೊಮೋಲಾರ್ ಮೆಥಿಲೀನ್ ಬ್ಲೂ ಮಾಡಿ, ಅಂದರೆ ಲೀಟರ್‌ಗೆ ಸುಮಾರು 3.2 ಮಿಲಿಗ್ರಾಂ. 30 ಮಿಲಿಲೀಟರ್ ತೆಗೆದುಕೊಂಡು ಪದರ ಮುಳುಗಿಸಿ, ಕನಿಷ್ಠ ಒಂದು ಗಂಟೆ ಕತ್ತಲಲ್ಲಿಡಿ. ಬಣ್ಣ ಪದರಕ್ಕೆ ಅಂಟಿಕೊಳ್ಳುವುದು ನಿಂತು, ಎರಡು ಓದುಗಳು ಒಂದೇ ಬಂದ ಮೇಲೆ ದೀಪ ಹಚ್ಚಿ. ಮೇಲೆ ಗಾಜು ಮುಚ್ಚಿ. ದುರ್ಗದ ಒಣಗಾಳಿಯಲ್ಲಿ ಮುಚ್ಚದ ಬೀಕರಿನ ನೀರು ಬೇಗ ಆವಿಯಾಗುತ್ತದೆ, ಬಣ್ಣ ಗಾಢವಾಗಿ ಫಲಿತಾಂಶ ಕೆಡುತ್ತದೆ. ದೀಪದ ಬಿಸಿ ನೀರಿಗೆ ಏರದಂತೆ ಪಕ್ಕದಲ್ಲೊಂದು ಸಣ್ಣ ಫ್ಯಾನ್ ಇರಲಿ. ಅರ್ಧ ಗಂಟೆಗೊಮ್ಮೆ ಅಳೆದು, ಕ್ಯೂವೆಟ್ಟಿನ ದ್ರವವನ್ನು ವಾಪಸ್ ಹಾಕಿ.

ಇದರ ಜೊತೆಗೆ, ಅದೇ ದೀಪದ ಕೆಳಗೆ, ಬರೀ ಗಾಜು ಹಾಕಿದ ಬೀಕರೊಂದು. ಡೋಪ್ ಮಾಡದ ಪದರದ್ದೊಂದು. ಕತ್ತಲಲ್ಲೇ ಉಳಿಯುವ ಡೋಪ್ ಪದರದ್ದೊಂದು. ಈ ಮೂರೂ ಇಲ್ಲದಿದ್ದರೆ ನಾಲ್ಕನೆಯದಕ್ಕೆ ಬೆಲೆ ಇಲ್ಲ. ನೀಲಿ ಬೆಳಕಿನಲ್ಲಿ ಡೋಪ್ ಮಾಡದ ಪದರ ಹೆಚ್ಚುಕಡಿಮೆ ಸುಮ್ಮನಿರಬೇಕು. ಅದೂ ಜೋರಾಗಿ ಕೆಲಸ ಮಾಡಿದರೆ ದೀಪವನ್ನೋ ಬಣ್ಣವನ್ನೋ ಅನುಮಾನಿಸಿ. ಆರಂಭದ ಪ್ರಮಾಣವನ್ನು ಆಯಾ ಹೊತ್ತಿನ ಪ್ರಮಾಣದಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, ಸಮಯದ ಎದುರು ಗ್ರಾಫ್ ಎಳೆದರೆ ನೇರ ಗೆರೆಯ ಇಳಿಜಾರೇ ವೇಗದ ಸ್ಥಿರಾಂಕ. ಬರೀ ಗಾಜಿನ ಬೀಕರಿನ ಸ್ಥಿರಾಂಕವನ್ನು ಅದರಿಂದ ಕಳೆಯಿರಿ.

ಪ್ರಯೋಗ ಮುಗಿದ ಮೇಲೆ ತಿಳಿಯಾದ ನೀರಿಗೆ ಗಾಳಿ ಊದಿ ನೋಡಿ. ನೀಲಿ ವಾಪಸ್ ಬಂದರೆ ಬಣ್ಣ ಒಡೆದಿರಲಿಲ್ಲ, ಬಣ್ಣವಿಲ್ಲದ ಲ್ಯೂಕೊ ರೂಪಕ್ಕೆ ಹೋಗಿತ್ತು ಅಷ್ಟೇ. ಬಣ್ಣದ ಗೊಡವೆಯೇ ಇಲ್ಲದ ಇನ್ನೊಂದು ಸಾಕ್ಷಿ ಬೇಕಿದ್ದರೆ ಟೆರೆಫ್ಥಾಲಿಕ್ ಆಸಿಡನ್ನು ದುರ್ಬಲ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಅದರಲ್ಲಿ ಪದರ ಇಡಿ. ಹೈಡ್ರಾಕ್ಸಿಲ್ ರ‍್ಯಾಡಿಕಲ್ (ಬಣ್ಣವನ್ನು ಒಡೆಯುವ ಚುರುಕು ಕಣ) ಹುಟ್ಟಿದರೆ ಆ ಆಸಿಡ್ ಹೊಳೆಯುವ ವಸ್ತುವಾಗುತ್ತದೆ. 315 ನ್ಯಾನೊಮೀಟರ್ ಬೆಳಕು ಕೊಟ್ಟರೆ 425ರಲ್ಲಿ ಹೊಳಪು ಕಾಣುತ್ತದೆ.

ಅದೇ ಪದರವನ್ನು ತೊಳೆದು ಐದು ಸಲವಾದರೂ ಬಳಸಿ. ಕಬ್ಬಿಣ ನೀರಿಗೆ ಬಿಟ್ಟುಕೊಳ್ಳುತ್ತಿದೆಯಾ ಎಂದು ತಿಳಿಯಲು ನೀರನ್ನು ಎಎಎಸ್‌ಗೆ (ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಪರೀಕ್ಷೆಗೆ) ಕಳಿಸಿ. 2 ಮಿಲಿಗ್ರಾಂ ಪದರದಲ್ಲಿ ಶೇಕಡ 0.5 ಅಂದರೆ ಕಬ್ಬಿಣ ಇರುವುದೇ ಸುಮಾರು 7 ಮೈಕ್ರೊಗ್ರಾಂ. ಥಯೊಸಯನೇಟ್ ಹಾಕಿ ಕೆಂಪು ಬಂತಾ ಎಂದು ಕಣ್ಣಲ್ಲಿ ನೋಡಿದರೆ ಸಾಲದು.

ಊರಿನ ನೀರಿನಲ್ಲಿ

ಡಿಸ್ಟಿಲ್ಡ್ ನೀರಿನಲ್ಲಿ ಗೆದ್ದ ಪದರ ಬೋರ್‌ವೆಲ್ ನೀರಿನಲ್ಲಿ ಮಂಕಾಗಬಹುದು. ಗಡಸು ನೀರಿನ ಬೈಕಾರ್ಬನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ತಾನೇ ನುಂಗುತ್ತದೆ. ಭದ್ರಾ ನಾಲೆಯ ನೀರಿನಲ್ಲೊಮ್ಮೆ, ನಿಮ್ಮ ಕಾಲೇಜಿನ ಬೋರ್‌ವೆಲ್ ನೀರಿನಲ್ಲೊಮ್ಮೆ ಅದೇ ಪರೀಕ್ಷೆ ಮಾಡಿ. ಡಿಸ್ಟಿಲ್ಡ್ ನೀರಿಗೆ ಅಡುಗೆ ಸೋಡಾ ಅಳೆದು ಹಾಕಿಯೂ ನೋಡಿ. ಈ ಭಾಗವನ್ನು ಬೇರೆ ಊರಿನವರು ಮಾಡಿಕೊಡಲಾರರು, ಅದಕ್ಕೇ ಇದು ನಿಮ್ಮ ಪ್ರಾಜೆಕ್ಟಿನ ನಿಜವಾದ ಹೊಸತು.

ರೇಷ್ಮೆಗೆ ಹಾಕುವ ಆಸಿಡ್ ಡೈಗಳು ಋಣ ವಿದ್ಯುದಂಶದವು, ಮೆಥಿಲೀನ್ ಬ್ಲೂ ಧನ ವಿದ್ಯುದಂಶದ್ದು. ಟೈಟಾನಿಯಾದ ಮೇಲ್ಮೈ ಪಿಎಚ್ 6ರ ಸುಮಾರಿಗೆ ಧನದಿಂದ ಋಣಕ್ಕೆ ತಿರುಗುತ್ತದೆ. ಹಾಗಾಗಿ ಮೆಥಿಲೀನ್ ಬ್ಲೂ ಚೆನ್ನಾಗಿ ಅಂಟುವ ಪಿಎಚ್‌ನಲ್ಲಿ ಆಸಿಡ್ ಡೈ ದೂರ ಸರಿಯುತ್ತದೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹೊರಿಸಬೇಡಿ, ನಿಜವಾದ ಡೈ ತಂದು ಮಾಡಿ. ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತು ಎಂದೂ ಅಲ್ಲ. ಅಜೊ ಡೈಗಳು ಅರ್ಧಂಬರ್ಧ ಒಡೆದರೆ ಅಪಾಯಕಾರಿ ಅಮೀನ್‌ಗಳು ಉಳಿಯಬಹುದು. ನೀರಿನಲ್ಲಿ ಸಾವಯವ ವಸ್ತು ಎಷ್ಟು ಉಳಿದಿದೆ ಎಂದು ತೋರಿಸುವ ಸಿಒಡಿ ಅಥವಾ ಟಿಒಸಿ ಅಳೆಯದೆ ಆ ನೀರನ್ನು ಹೊಲಕ್ಕೂ ಚರಂಡಿಗೂ ಬಿಡಬಾರದು.

ವರದಿಯಲ್ಲಿ ಶೇಕಡಾವಾರು ಬಣ್ಣ ಹೋಯಿತು ಎಂದಷ್ಟೇ ಬರೆದರೆ ಬೇರೆಯವರಿಗೆ ಉಪಯೋಗವಿಲ್ಲ. ಪದರದ ವಿಸ್ತೀರ್ಣ, ತೂಕ, ನೀರಿನ ಮೊತ್ತ, ದೀಪದ ತರಂಗಾಂತರ, ಪದರದ ಮೇಲೆ ಬಿದ್ದ ಬೆಳಕಿನ ತೀವ್ರತೆ, ಪಿಎಚ್, ಉಷ್ಣತೆ ಎಲ್ಲ ಬರೆಯಿರಿ. ಪ್ರತಿ ಪ್ರಮಾಣಕ್ಕೂ ಮೂರು ಗಾಜುಗಳ ಫಲಿತಾಂಶ ಕೊಡಿ, ಹೆಚ್ಚುಕಡಿಮೆ ಎಷ್ಟಿತ್ತು ಎಂಬುದೂ ಕಾಣಲಿ. ಶೇಕಡ 2ರ ಪದರ ಡೋಪ್ ಮಾಡದ್ದಕ್ಕಿಂತ ಕೆಟ್ಟದಾಗಿ ಕೆಲಸ ಮಾಡಿದ್ದರೆ ಆ ಬಿಂದುವನ್ನೂ ಗ್ರಾಫಿನಲ್ಲಿ ಉಳಿಸಿ. ಎಲ್ಲಿಂದಾಚೆ ಹೋಗಬಾರದು ಎಂದು ಮುಂದಿನ ಬ್ಯಾಚಿನವರಿಗೆ ತಿಳಿಯುವುದು ಅದರಿಂದಲೇ.